ಆ ವಾಸನೆ ಅವರದ್ದಲ್ಲ

ಪ್ರಶ್ನೆ: ಮೇಡಂ, ನನಗೆ 36 ವರ್ಷ. ನಮ್ಮದು ಕುಂದಾಪುರ ತಾಲೂಕಿನ ಒಂದು ಹಳ್ಳಿ. ನಮ್ಮವರು ದುಬೈಯ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಕಳೆದ ನವೆಂಬರಿನಲ್ಲಿ ರಾತ್ರಿ ರೂಮಿನಲ್ಲಿ ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ. ಹಾರ್ಟ್ ಅಟ್ಯಾಕ್ ಅಂತ ರಿಪೋರ್ಟ್ ಬಂತು. ಅಲ್ಲೇ ದಹನ ಮಾಡಿಸಿ ಬೂದಿ ತರಿಸೋಣವಾ ಅಂತ ಮೈದುನ ಕೇಳಿದರು. ನಾನೇ ಹಟ ಹಿಡಿದೆ, ಒಂದು ಸಲ ಮುಖ ನೋಡಬೇಕು ಅಂತ. ಆರನೇ ದಿನಕ್ಕೆ ಬಜ್ಪೆ ವಿಮಾನ ನಿಲ್ದಾಣಕ್ಕೆ ಪೆಟ್ಟಿಗೆ ಬಂತು.

ಅಂಗಳದಲ್ಲಿ ಪೆಟ್ಟಿಗೆ ಬಿಚ್ಚಿದಾಗ ಒಂದು ಘಾಟು ಮೂಗಿಗೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು, ದುಃಖಕ್ಕೋ ಘಾಟಿಗೋ ನನಗೇ ಗೊತ್ತಾಗಲಿಲ್ಲ. ಮುಖ ಊದಿಕೊಂಡಿತ್ತು, ಬಣ್ಣವೇ ಬೇರೆ. ಮೂಗಿಗೆ ಹತ್ತಿ ತುರುಕಿದ್ದರು. ಕೆನ್ನೆ ಮುಟ್ಟಿದೆ, ಕಲ್ಲಿನಷ್ಟು ಗಟ್ಟಿ. ಕೈ ತೆಗೆದುಬಿಟ್ಟೆ ಮೇಡಂ, ಮತ್ತೆ ಮುಟ್ಟಲಿಲ್ಲ. ಅತ್ತೆ ಬಾಯಿಗೆ ತುಳಸಿ ನೀರು ಬಿಟ್ಟರೆ ಒಳಗೆ ಹೋಗದೆ ಕೆನ್ನೆಯ ಮೇಲೆ ಇಳಿಯಿತು. ‘ನನ್ನ ಮಗ ಬಾಯಾರಿಕೊಂಡೇ ಹೋದ’ ಅಂತ ಇವತ್ತಿಗೂ ಅಳುತ್ತಾರೆ. ಮೀಯಿಸಬೇಡಿ ಅಂತ ಯಾರೋ ಹೇಳಿದ್ದಕ್ಕೆ ನೀರು ಚಿಮುಕಿಸಿದ್ದಷ್ಟೇ. ಕುತ್ತಿಗೆಯ ಬದಿಯಲ್ಲಿ ಹೊಲಿಗೆ ಇತ್ತು. ಎಂಬಾಮಿಂಗ್ ಅಂದರೆ ಒಳಗಿನದೆಲ್ಲ ತೆಗೆಯುವುದು, ಕಿಡ್ನಿ ಮಾರಿಕೊಳ್ಳುತ್ತಾರೆ, ಅಂಥ ದೇಹ ಸುಟ್ಟರೆ ಸದ್ಗತಿ ಇಲ್ಲ ಅಂತ ನಾದಿನಿ ಹೇಳುತ್ತಾಳೆ.

ಮಗನಿಗೆ ಒಂಬತ್ತು ವರ್ಷ. ಚಿಕ್ಕಪ್ಪ ಕೈ ಹಿಡಿದುಕೊಂಡು ಅವನಿಂದಲೇ ಕೊಳ್ಳಿ ಇಡಿಸಿದರು. ‘ಅಪ್ಪಯ್ಯ ಎಂತಕೆ ಮರದ್ ಹಾಂಗಿದ್ರ್?’ ಅಂತ ಈಗಲೂ ಕೇಳುತ್ತಾನೆ. ಏನು ಹೇಳಲಿ?

ಅವರು ಕಟ್ಟಿಸುತ್ತಿದ್ದ ಮನೆ ಮುಗಿಯುತ್ತಾ ಬಂದಿದೆ. ಬಡಗಿಗಳು ವಾರ್ಡ್‌ರೋಬ್, ಅಡುಗೆಮನೆಯ ಕಪಾಟು ಕೂರಿಸಿ ಹೋದ ಮೇಲೆ ಒಳಗೆ ಹೋದೆ. ಅದೇ ವಾಸನೆ ಮೇಡಂ, ಪೆಟ್ಟಿಗೆಯದ್ದು! ತಲೆ ತಿರುಗಿ ಕುಸಿದುಬಿಟ್ಟೆ. ಅವರು ಆ ಮನೆಯಲ್ಲೇ ಸುತ್ತುತ್ತಿದ್ದಾರೆ, ನಿಮಿತ್ತ ಕೇಳಬೇಕು ಅಂತಾರೆ ಅತ್ತೆ. ದುಬೈಯಿಂದ ಬಂದ ಕಾಗದಪತ್ರದ ಫೈಲೂ ಮನೆಯಲ್ಲಿರಬಾರದು, ಹೊಳೆಗೆ ಬಿಡು ಅಂತಾರೆ. ನನಗೆ ಹುಚ್ಚು ಹಿಡಿಯುತ್ತಿದೆಯಾ? ಹಟ ಮಾಡಿ ತರಿಸಿದ್ದೇ ತಪ್ಪಾಯಿತಾ?

— ಹೆಸರು ಬೇಡ

ಉತ್ತರ: ಮೊದಲು ಆ ಹೊಸ ಮನೆಯ ವಿಷಯ ಮುಗಿಸಿಬಿಡೋಣ, ಯಾಕೆಂದರೆ ನಿಮ್ಮ ಮೂಗು ಸುಳ್ಳು ಹೇಳಿಲ್ಲ. ಪೆಟ್ಟಿಗೆ ಬಿಚ್ಚಿದಾಗ ಬಂದ ಘಾಟು ಮತ್ತು ಹೊಸ ಕಪಾಟಿನ ಘಾಟು, ಎರಡೂ ಒಂದೇ ವಸ್ತುವಿನದ್ದು. ಅದರ ಹೆಸರು ಫಾರ್ಮಾಲ್ಡಿಹೈಡ್. ಎಂಬಾಮಿಂಗ್ ಮಾಡುವಾಗ ದೇಹಕ್ಕೆ ಹರಿಸುವ ದ್ರವದಲ್ಲಿ ಮುಖ್ಯವಾಗಿ ಇರುವುದು ಅದೇ. ಪ್ಲೈವುಡ್‌ನ ಪದರಗಳನ್ನೂ ಪಾರ್ಟಿಕಲ್ ಬೋರ್ಡಿನ ಮರದ ಪುಡಿಯನ್ನೂ ಹಿಡಿದು ನಿಲ್ಲಿಸುವ ಅಂಟಿನಲ್ಲಿ ಇರುವುದೂ ಅದೇ. ಹೊಸ ಬೋರ್ಡ್ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಅದನ್ನು ಗಾಳಿಗೆ ಬಿಡುತ್ತಿರುತ್ತದೆ. ಸೆಕೆ ಮತ್ತು ತೇವ ಹೆಚ್ಚಾದಷ್ಟೂ ಜಾಸ್ತಿ ಬಿಡುತ್ತದೆ, ನಮ್ಮ ಕರಾವಳಿಯಲ್ಲಿ ಎರಡಕ್ಕೂ ಬರವಿಲ್ಲ. ಕಿಟಕಿ ಮುಚ್ಚಿದ, ಇನ್ನೂ ಯಾರೂ ವಾಸ ಮಾಡದ ಮನೆಯಲ್ಲಿ ಅದು ಕಟ್ಟಿಕೊಂಡಿರುತ್ತದೆ. ನೀವು ಬಾಗಿಲು ತೆಗೆದು ಒಳಗೆ ಹೆಜ್ಜೆ ಇಟ್ಟಿರಿ, ಆರು ತಿಂಗಳ ಹಿಂದಿನ ಅಂಗಳ ಒಮ್ಮೆಗೇ ಎದುರಿಗೆ ಬಂತು. ನೆನಪನ್ನು ಎಬ್ಬಿಸುವುದರಲ್ಲಿ ಕಣ್ಣು ಕಿವಿಗಿಂತ ಮೂಗು ಚುರುಕು. ಇದು ಹುಚ್ಚಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಕುಸಿಯುತ್ತಿದ್ದೆ.

ನಿಮಿತ್ತ ಕೇಳುವುದು ಬಿಡುವುದು ನಿಮ್ಮ ಮನೆಯ ನಂಬಿಕೆಗೆ ಬಿಟ್ಟದ್ದು, ಆದರೆ ಜೋಯಿಸರಿಗಿಂತ ಮೊದಲು ಬಡಗಿಯನ್ನು ಕೇಳಿ. ನಿಮ್ಮ ಅತ್ತೆಗೆ ಪೇಟೆಯ ಯಾವುದಾದರೂ ಪ್ಲೈವುಡ್ ಅಂಗಡಿಯ ಗೋಡೌನಿನೊಳಗೆ ಐದು ನಿಮಿಷ ನಿಲ್ಲಲು ಹೇಳಿ. ಅಲ್ಲೂ ಅದೇ ವಾಸನೆ, ಅಲ್ಲಿ ಯಾರೂ ಸತ್ತಿಲ್ಲ. ಮಳೆ ಹಿಡಿಯುವ ಮೊದಲು ಹೊಸ ಮನೆಯ ಕಿಟಕಿ ಬಾಗಿಲುಗಳನ್ನು ದಿನವೂ ಬೆಳಿಗ್ಗೆಯಿಂದ ಸಂಜೆವರೆಗೆ ತೆರೆದಿಡಿಸಿ, ಕಪಾಟಿನ ಬಾಗಿಲು, ಡ್ರಾಯರುಗಳನ್ನೂ. ಫ್ಯಾನ್ ಹಾಕಿಸಿದ್ದರೆ ತಿರುಗಲಿ. ಬೋರ್ಡಿನ ಕತ್ತರಿಸಿದ ಅಂಚುಗಳು ಬರಿದಾಗಿದ್ದರೆ ಅವಕ್ಕೆ ಲ್ಯಾಮಿನೇಟ್ ಪಟ್ಟಿ ಹೊಡೆಸಿ ಮುಚ್ಚಿಸಿ, ಘಾಟು ಹೆಚ್ಚಾಗಿ ಹೊರಡುವುದು ಅಲ್ಲಿಂದಲೇ. ಹೇಗೂ ವರ್ಷ ಕಳೆಯುವ ತನಕ ನೀವು ಗೃಹಪ್ರವೇಶ ಮಾಡುವವರಲ್ಲ, ಸಮಯ ಬೇಕಾದಷ್ಟಿದೆ. ಆಗಾಗ ಹಗಲು ಹೊತ್ತಿನಲ್ಲಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು, ಜಗಲಿಯಲ್ಲಿ ಕೂತು ಬನ್ನಿ. ಒಳಗೆ ಹೋಗಲೇಬೇಕೆಂದಿಲ್ಲ. ಮೂಗು ಆ ವಾಸನೆಯನ್ನು ಬಡಗಿ ಕೆಲಸದ ಲೆಕ್ಕಕ್ಕೆ ಹಾಕಿಕೊಳ್ಳಲು ಸ್ವಲ್ಪ ದಿನ ತೆಗೆದುಕೊಳ್ಳುತ್ತದೆ.

ಈಗ ಎಂಬಾಮಿಂಗ್. ನಿಮಗೆ ಯಾರೂ ಬಿಡಿಸಿ ಹೇಳಿಲ್ಲ, ಅದಕ್ಕೇ ನಾದಿನಿಯ ಕಥೆಗಳು ಬೆಳೆದಿವೆ. ಓದಲು ಕಷ್ಟವಾದರೆ ಮುಂದಿನ ಎರಡು ಪ್ಯಾರಾ ಬಿಟ್ಟು ಆಮೇಲೆ ಯಾವಾಗಲಾದರೂ ಓದಿ. ಆದರೆ ನನ್ನ ಅನುಭವದಲ್ಲಿ, ನಡೆದದ್ದನ್ನು ತಿಳಿದವರಿಗಿಂತ ಊಹಿಸಿಕೊಂಡವರೇ ಹೆಚ್ಚು ರಾತ್ರಿ ನಿದ್ದೆಗೆಡುತ್ತಾರೆ.

ಜೀವ ಹೋದ ಮೇಲೆ ದೇಹ ತನ್ನಷ್ಟಕ್ಕೆ ಕೆಡಲು ಶುರುವಾಗುತ್ತದೆ. ವಿಮಾನದಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸಬೇಕಾದರೆ ಅದು ಕೆಡದಂತೆ, ಸೋರದಂತೆ, ಸೋಂಕು ಹರಡದಂತೆ ಮಾಡಿಕೊಡಬೇಕೆಂದು ನಿಯಮ. ದುಬೈಯಲ್ಲಿ ಇದಕ್ಕೆ ಮುಹೈಸ್ನಾ ಎಂಬಲ್ಲಿ ಸರ್ಕಾರಿ ಕೇಂದ್ರ ಇದೆ. ನಮ್ಮವರು ಸೋನಾಪುರ ಎನ್ನುವ ಕಾರ್ಮಿಕರ ಕ್ಯಾಂಪುಗಳಿರುವ ಪ್ರದೇಶ ಅದು. 2018ರ ಫೆಬ್ರವರಿಯಲ್ಲಿ ನಟಿ ಶ್ರೀದೇವಿ ದುಬೈಯಲ್ಲಿ ತೀರಿಕೊಂಡಾಗ ಟಿವಿ ನೋಡುತ್ತಾ ಇಡೀ ದೇಶ ಎಂಬಾಮಿಂಗ್ ಎಂಬ ಪದ ಕಲಿಯಿತಲ್ಲ, ಅವರ ದೇಹವನ್ನು ಮುಂಬಯಿಗೆ ಕಳಿಸುವ ಮೊದಲು ಒಯ್ದದ್ದೂ ಅಲ್ಲಿಗೇ. ಕ್ಯಾಂಪಿನ ಎಲೆಕ್ಟ್ರಿಷಿಯನ್ನಿಗೂ ಸಿನಿಮಾ ನಟಿಗೂ ಅಲ್ಲಿ ಬೇರೆ ಬೇರೆ ದಾರಿ ಇಲ್ಲ. ಈ ಕೆಲಸದಲ್ಲಿ ಮೊದಲು ದೇಹವನ್ನು ತೊಳೆಯುತ್ತಾರೆ. ‘ಮೀಯಿಸಲಿಲ್ಲ’ ಎಂದು ನೀವು ಕೊರಗುತ್ತೀರಿ, ಪೆಟ್ಟಿಗೆ ಹತ್ತುವ ಮೊದಲೇ ಅವರನ್ನು ಒಬ್ಬರು ತೊಳೆದಿದ್ದಾರೆ. ಆಮೇಲೆ ಕುತ್ತಿಗೆಯ ಬದಿಯಲ್ಲೋ ತೊಡೆಯ ಸಂದಿಯಲ್ಲೋ ಎರಡು ಮೂರು ಬೆರಳಗಲ ಕೊಯ್ದು, ಒಂದು ದೊಡ್ಡ ರಕ್ತನಾಳವನ್ನು ಹುಡುಕಿ, ಅದಕ್ಕೆ ಕೊಳವೆ ಕೂರಿಸುತ್ತಾರೆ. ಫಾರ್ಮಾಲಿನ್, ಸ್ಪಿರಿಟ್, ಗ್ಲಿಸರಿನ್, ನೀರು, ಸ್ವಲ್ಪ ಕೆಂಪು ಬಣ್ಣ ಬೆರೆಸಿದ ಎಂಟು ಹತ್ತು ಲೀಟರಿನಷ್ಟು ದ್ರವ ನಿಧಾನವಾಗಿ ಒಳಗೆ ಹರಿಯುತ್ತದೆ. ಬದುಕಿದ್ದಾಗ ರಕ್ತ ಎಲ್ಲೆಲ್ಲಿ ಓಡಾಡುತ್ತಿತ್ತೋ ಅದೇ ದಾರಿಯಲ್ಲಿ ಅದು ಬೆರಳ ತುದಿಯ ತನಕ ಹೋಗುತ್ತದೆ. ಒಂದಷ್ಟು ರಕ್ತ ಹೊರಗೆ ಬರುತ್ತದೆ, ಎಲ್ಲವೂ ಅಲ್ಲ. ಹೊಟ್ಟೆ ಮತ್ತು ಎದೆಯ ಪೊಳ್ಳಿನೊಳಕ್ಕೂ ಸೂಜಿಯಂಥ ಕೊಳವೆಯಿಂದ ದ್ರವ ಬಿಡುವುದುಂಟು. ಕೊನೆಗೆ ಕೊಯ್ದ ಜಾಗಕ್ಕೆ ಹೊಲಿಗೆ, ದ್ರವ ಸೋರದಂತೆ ಮೂಗಿಗೆ ಹತ್ತಿ, ಬಿಳಿ ಬಟ್ಟೆ. ಒಂದೆರಡು ಗಂಟೆಯ ಕೆಲಸ. ಒಳಗಿನ ಯಾವ ಅಂಗವನ್ನೂ ತೆಗೆಯುವುದಿಲ್ಲ.

ನೀವು ಕಂಡ ಕುತ್ತಿಗೆಯ ಹೊಲಿಗೆ ಇದೇ. ಅಂಗಾಂಗ ತೆಗೆದು ಇಡುತ್ತಿದ್ದವರು ಪುರಾತನ ಈಜಿಪ್ಟಿನವರು. ಎಪ್ಪತ್ತು ದಿನ ಹಿಡಿಯುತ್ತಿದ್ದ ಆ ವಿಧಿಯ ಸಿನಿಮಾ ನೋಡಿದವರು ಅದನ್ನು ಇಲ್ಲಿಗೆ ತಂದು ಅಂಟಿಸುತ್ತಾರೆ. ಇನ್ನು ಕಿಡ್ನಿ. ಕಸಿಗೆ ಬೇಕಾದ ಕಿಡ್ನಿಯನ್ನು ಸಾಮಾನ್ಯವಾಗಿ ತೆಗೆಯುವುದು ಆಸ್ಪತ್ರೆಯಲ್ಲಿ ಮಿದುಳು ನಿಷ್ಕ್ರಿಯವಾಗಿ, ಯಂತ್ರದ ನೆರವಿನಿಂದ ಹೃದಯ ಇನ್ನೂ ಬಡಿಯುತ್ತಿರುವವರಿಂದ. ಹಾಗೆ ತೆಗೆದದ್ದನ್ನೂ ತಣ್ಣಗಿಟ್ಟು ಒಂದು, ಒಂದೂವರೆ ದಿನದೊಳಗೆ ಜೋಡಿಸಿಬಿಡಬೇಕು. ರಾತ್ರಿ ಯಾವುದೋ ಹೊತ್ತಿಗೆ ಜೀವ ಹೋಗಿ, ಬೆಳಿಗ್ಗೆ ರೂಮಿನವರು ನೋಡಿ, ಪೊಲೀಸರು ಬಂದು, ಆಮೇಲೆ ಶವಾಗಾರಕ್ಕೆ ಹೋದ ಒಬ್ಬರ ಕಿಡ್ನಿ ಯಾರ ಉಪಯೋಗಕ್ಕೂ ಬಾರದು. ಫಾರ್ಮಾಲಿನ್ ತಾಗಿದ್ದಂತೂ ಕಾಲೇಜಿನ ಗಾಜಿನ ಜಾಡಿಗೆ ಮಾತ್ರ ಲಾಯಕ್ಕು. ನಾದಿನಿಗೆ ಇಷ್ಟು ಹೇಳಿ, ಗದರಿಸಬೇಡಿ. ಅವರೂ ಅಣ್ಣನನ್ನು ಕಳೆದುಕೊಂಡವರು, ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಲ್ಲ. ಸಾವಿನ ಬಗ್ಗೆಯೇ ನಿಜವಾದ ಸಂಶಯವಿದ್ದರೆ ಅದು ಬೇರೆ ಮಾತು. ಆಗ ಹಾದಿ ಕಾಗದಪತ್ರದ್ದು: ಅಲ್ಲಿನ ವೈದ್ಯಕೀಯ ವರದಿಯ ಪ್ರತಿಯನ್ನು ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್ ಮೂಲಕ ದುಬೈಯ ಭಾರತೀಯ ದೂತಾವಾಸದಿಂದ ಕೇಳಬಹುದು. ನಿಮ್ಮ ಪತ್ರದಲ್ಲಿ ಹೊಲಿಗೆಯ ಹೊರತು ಸಂಶಯಕ್ಕೆ ಬೇರೆ ಕಾರಣ ನನಗೆ ಕಾಣಲಿಲ್ಲ.

ಇನ್ನು ನಿಮ್ಮ ಕೈಯ ಮಾತು. ಪತ್ರದಲ್ಲಿ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ, ನನಗೆ ಮಾತ್ರ ಇಡೀ ಪತ್ರ ಆ ಸಾಲಿನ ಸುತ್ತಲೇ ಇದೆ ಅನ್ನಿಸಿತು. ಫಾರ್ಮಾಲ್ಡಿಹೈಡ್ ಮಾಂಸದೊಳಗಿನ ಪ್ರೋಟೀನನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ, ಮೊಟ್ಟೆ ಬೇಯಿಸಿದಾಗ ಒಳಗಿನ ಲೋಳೆ ಗಟ್ಟಿಯಾಗುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಕೆಡಿಸುವ ಕ್ರಿಮಿಗಳಿಗೆ ಅಲ್ಲಿ ಆಹಾರವೇ ಸಿಗದು, ದೇಹ ಉಳಿಯುತ್ತದೆ. ಆದರೆ ಮೆದುತನ ಹೋಗುತ್ತದೆ. ದ್ರವದ ಒತ್ತಡಕ್ಕೆ ಮುಖ, ರೆಪ್ಪೆ ಊದುವುದೂ ಬಣ್ಣ ಮಾರ್ಪಡುವುದೂ ಇದೆ. ಅಮೆರಿಕದಲ್ಲಿ ಫೋಟೋ ಇಟ್ಟುಕೊಂಡು ತುಟಿ ಕೂರಿಸಿ ಪೌಡರ್ ಹಚ್ಚಿ ಅಲಂಕಾರ ಮಾಡುತ್ತಾರೆ. ಗಲ್ಫಿನಿಂದ ಬರುವ ಪೆಟ್ಟಿಗೆಗೆ ಆ ಉಪಚಾರ ಇರುವುದಿಲ್ಲ, ಅಲ್ಲಿ ಉದ್ದೇಶ ವಿಮಾನ ಹತ್ತಿಸುವುದಷ್ಟೇ. ಇಷ್ಟು ವರ್ಷ ನಿಮ್ಮ ಬೆರಳಿಗೆ ಪರಿಚಯವಿದ್ದ ಕೆನ್ನೆ ಅಲ್ಲಿ ಇರಲಿಲ್ಲ. ಕೈ ಹಿಂದಕ್ಕೆ ಬಂದದ್ದು ಆ ಅಪರಿಚಿತ ಗಡಸಿಗೆ. ಅದನ್ನು ಗಂಡನ ಮೇಲಿನ ಅಸಹ್ಯ ಅಂತ ನೀವೇ ನಿಮ್ಮ ಮೇಲೆ ಕೇಸು ಹಾಕಿಕೊಂಡು ಆರು ತಿಂಗಳಿಂದ ಕಟಕಟೆಯಲ್ಲಿ ನಿಂತಿದ್ದೀರಿ. ಆಸ್ಪತ್ರೆಗಳಲ್ಲಿ ದುಡಿದವರು, ವೈದ್ಯಕೀಯ ವಿದ್ಯಾರ್ಥಿಗಳು ಕೂಡ ಮೊದಲ ದಿನ ಹಾಗೆಯೇ ಕೈ ತೆಗೆಯುತ್ತಾರೆ, ಅವರಿಗೆ ಅದು ಸಂಬಂಧವೇ ಇಲ್ಲದ ದೇಹ. ಇನ್ನೊಂದು ಮಾತು: ಆ ಆವಿ ಕಣ್ಣು ಮೂಗನ್ನು ಉರಿಸುವಂಥದ್ದು, ಹತ್ತಿರ ಬಾಗಿ ಹೆಚ್ಚು ಹೊತ್ತು ಇರುವುದು ಆರೋಗ್ಯಕ್ಕೆ ಒಳ್ಳೆಯದೂ ಅಲ್ಲ. ಕಣ್ಣೀರು ದುಃಖದ್ದೋ ಘಾಟಿನದ್ದೋ ಗೊತ್ತಾಗಲಿಲ್ಲ ಎಂದು ಬರೆದಿದ್ದೀರಿ. ಎರಡೂ ಇತ್ತು. ಬೇರೆ ಮಾಡಿ ಅಳೆಯಬೇಡಿ.

ಅತ್ತೆಯ ದುಃಖಕ್ಕೆ ವಿಜ್ಞಾನ ಹೇಳಿ ಪ್ರಯೋಜನವಿಲ್ಲ, ಆದರೂ ಒಂದು ಸಂಗತಿ ಅವರೇ ನೆನಪಿಸಿಕೊಳ್ಳಬಲ್ಲರು. ಎಂಬಾಮಿಂಗ್ ಇಲ್ಲದ ಸಾವಿನಲ್ಲೂ ಎರಡು ಮೂರು ಗಂಟೆಯೊಳಗೆ ದವಡೆ ಬಿಗಿಯಲು ಶುರುವಾಗುತ್ತದೆ. ಅದಕ್ಕೇ ನಮ್ಮ ಹಿರಿಯರು ಬಟ್ಟೆಯಿಂದ ಗದ್ದ ಕಟ್ಟುತ್ತಿದ್ದದ್ದು. ಅವರು ತಮ್ಮ ಮಾವನಿಗೋ ಅಮ್ಮನಿಗೋ ನೀರು ಬಿಟ್ಟಿರಬಹುದು, ಅದೂ ಅರ್ಧಕ್ಕರ್ಧ ಕೆನ್ನೆಗೇ ಇಳಿದಿರುತ್ತದೆ. ಊರಲ್ಲಿ ಯಾರ ಸಾವಿನಲ್ಲೂ ಯಾರೂ ನುಂಗಿದ್ದಿಲ್ಲ. ಬಿಡುವವರ ಕೈ ಮುಖ್ಯ, ಆ ಕೈ ಹೆತ್ತವರದ್ದೇ ಆಗಿತ್ತು.

‘ಔಷಧಿ ಹಾಕಿದ ದೇಹಕ್ಕೆ ಸದ್ಗತಿ ಇಲ್ಲ’ ಅಂತ ಹೇಳುವವರಿಗೆ ನಾನು ದಶರಥನ ಕಥೆ ಹೇಳುತ್ತೇನೆ. ಯಕ್ಷಗಾನದ ಆಟದಲ್ಲೋ ತಾಳಮದ್ದಳೆಯಲ್ಲೋ ಭರತ ಕಾಡಿಗೆ ಹೋಗಿ ಪಾದುಕೆ ತರುವ ಪ್ರಸಂಗವನ್ನು ನಿಮ್ಮ ಅತ್ತೆ ನೋಡದೇ ಇರಲಾರರು. ಅದಕ್ಕೆ ಮೊದಲು ನಡೆದದ್ದೇನು? ದಶರಥ ಸತ್ತಾಗ ನಾಲ್ಕು ಮಕ್ಕಳಲ್ಲಿ ಒಬ್ಬನೂ ಅಯೋಧ್ಯೆಯಲ್ಲಿಲ್ಲ. ರಾಮ ಲಕ್ಷ್ಮಣರು ಕಾಡಿನಲ್ಲಿ, ಭರತ ಶತ್ರುಘ್ನರು ದೂರದ ಕೇಕಯದಲ್ಲಿ, ಸೋದರಮಾವನ ಮನೆಯಲ್ಲಿ. ಕೊಳ್ಳಿ ಇಡುವವರಿಲ್ಲದೆ ದಹನ ಹೇಗೆ? ಮಂತ್ರಿಗಳು ರಾಜನ ದೇಹವನ್ನು ಎಣ್ಣೆ ತುಂಬಿದ ತೊಟ್ಟಿಯಲ್ಲಿ ಮಲಗಿಸಿ ದೂತರನ್ನು ಅಟ್ಟಿದರು. ಭರತ ಏಳು ರಾತ್ರಿ ದಾರಿ ಸವೆಸಿ ಬಂದ. ಎಣ್ಣೆಯಿಂದ ಎತ್ತಿದಾಗ ತಂದೆಯ ಮುಖ ಹಳದಿಗಟ್ಟಿತ್ತು ಎಂಬುದನ್ನೂ ವಾಲ್ಮೀಕಿ ಮುಚ್ಚಿಡುವುದಿಲ್ಲ. ಆ ದೇಹಕ್ಕೇ ವಸಿಷ್ಠರ ಎದುರು ಸಂಸ್ಕಾರ ನಡೆಯಿತು, ಉತ್ತರಕ್ರಿಯೆ ಆಯಿತು. ಅಲ್ಲಿ ಯಾರೂ ಸದ್ಗತಿಯ ತಕರಾರು ತೆಗೆಯಲಿಲ್ಲ. ಆ ಕಾಲಕ್ಕೆ ಗೊತ್ತಿದ್ದದ್ದು ಎಣ್ಣೆ, ಈ ಕಾಲಕ್ಕೆ ಫಾರ್ಮಾಲಿನ್. ಅಲ್ಲಿ ಮಗ ದೂರದಲ್ಲಿದ್ದ, ನಿಮ್ಮಲ್ಲಿ ಸತ್ತವರೇ ದೂರದಲ್ಲಿದ್ದರು. ನಿಮ್ಮವರ ಬೊಜ್ಜ (ಉತ್ತರಕ್ರಿಯೆ) ಮಾಡಿಸಿದ ಪುರೋಹಿತರನ್ನೇ ಕರೆಸಿ ಅತ್ತೆಯ ಎದುರು ಈ ಪ್ರಶ್ನೆ ಕೇಳಿ. ನನ್ನ ಬಾಯಲ್ಲಿ ಬಂದರೆ ಅಂಕಣ, ಅವರ ಬಾಯಲ್ಲಿ ಬಂದರೆ ಸಮಾಧಾನ.

‘ಹಟ ಮಾಡಿದ್ದೇ ತಪ್ಪಾಯಿತಾ’ ಎಂದು ಕೇಳಿದ್ದೀರಿ. ಈ ಹಟಕ್ಕೆ ದೊಡ್ಡ ವಂಶಾವಳಿಯೇ ಇದೆ. ಈಜಿಪ್ಟಿನವರು ದೇಹವನ್ನು ಕಾಪಾಡಿದ್ದು ಸತ್ತವರ ಮುಂದಿನ ಬಾಳಿಗೆ. ಈಗಿನ ಎಂಬಾಮಿಂಗ್ ಬಳಕೆಗೆ ಬಂದದ್ದು ಬದುಕಿರುವವರ ಒಂದು ನೋಟಕ್ಕೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಉತ್ತರದ ಹುಡುಗರು ದಕ್ಷಿಣದ ರಣರಂಗಗಳಲ್ಲಿ ಸತ್ತರು, ಮನೆಯವರು ಮುಖ ನೋಡಬೇಕೆಂದರು. ಥಾಮಸ್ ಹೋಮ್ಸ್ ಎಂಬಾತ ಮತ್ತು ಅವನಂಥವರು ಸೈನ್ಯದ ಬೆನ್ನಿಗೇ ಹೋಗಿ, ದೇಹಕ್ಕೆ ದ್ರವ ಹರಿಸಿ, ರೈಲಿನಲ್ಲಿ ಊರಿಗೆ ಕಳಿಸುವ ಕಸುಬು ಶುರುಮಾಡಿದರು. ಆಗಿನ್ನೂ ಫಾರ್ಮಾಲಿನ್ ಇರಲಿಲ್ಲ, ಎಷ್ಟೋ ಕಡೆ ಪಾಷಾಣವನ್ನೇ ಬಳಸುತ್ತಿದ್ದರು. 1865ರ ಏಪ್ರಿಲಿನಲ್ಲಿ ಅಧ್ಯಕ್ಷ ಲಿಂಕನ್ ಗುಂಡೇಟಿಗೆ ಸತ್ತಾಗ ಅವರ ದೇಹವನ್ನೂ ಹೀಗೆ ಸಿದ್ಧಮಾಡಿ ವಾಷಿಂಗ್ಟನ್ನಿನಿಂದ ಅವರ ಊರು ಸ್ಪ್ರಿಂಗ್‌ಫೀಲ್ಡಿಗೆ ಸುಮಾರು ಎರಡು ವಾರ ರೈಲಿನಲ್ಲಿ ಒಯ್ದರು. ದಾರಿಯ ಊರೂರಲ್ಲಿ ಜನ ಸಾಲುಗಟ್ಟಿ ನೋಡಿದರು. ಅಷ್ಟರೊಳಗೆ ಮುಖ ಕಪ್ಪಿಡಲು ತೊಡಗಿ ಬಿಳಿ ಪುಡಿ ಹಚ್ಚಬೇಕಾಗಿ ಬಂತು. ದೇಶದ ಅಧ್ಯಕ್ಷರ ಮುಖವನ್ನೇ ಇದ್ದ ಹಾಗೆ ಉಳಿಸಿಕೊಳ್ಳಲು ಆಗಲಿಲ್ಲ ಅಂತ ಹೇಳಲು ಈ ಕಥೆ ಎತ್ತಿದೆ. ಆರು ದಿನದ ಹಾದಿಯಲ್ಲಿ ನಿಮ್ಮವರ ಮುಖ ಸ್ವಲ್ಪ ಬೇರೆಯಾಗಿದ್ದರೆ ಅದು ನಿಮ್ಮ ಹಟದ ತಪ್ಪಲ್ಲ.

ದುಬೈಯಲ್ಲೇ ದಹನ ಮಾಡಿಸಬಹುದಿತ್ತು, ಜೆಬೆಲ್ ಅಲಿಯಲ್ಲಿ ಹಿಂದೂಗಳ ಚಿತಾಗಾರ ಇದೆ. ಮೈದುನ ಹೇಳಿದ್ದು ತಪ್ಪಲ್ಲ. ಆದರೆ ಆ ದಾರಿ ಹಿಡಿದ ಮನೆಗಳನ್ನೂ ನಾನು ಬಲ್ಲೆ, ಕೋವಿಡ್ ಕಾಲದಲ್ಲಿ ದಾರಿಯೇ ಇಲ್ಲದೆ ದೇಹ ಅಲ್ಲೇ ಬಿಟ್ಟ ಮನೆಗಳನ್ನೂ ಬಲ್ಲೆ. ಆ ಮನೆಗಳ ಹೆಂಗಸರು ನಿಮ್ಮ ಹಾಗೆ ಘಾಟಿಗೆ ಕುಸಿಯುವುದಿಲ್ಲ. ಅವರು ಫೋನ್ ಬಂದಾಗಲೆಲ್ಲ ಬೆಚ್ಚುತ್ತಾರೆ, ಬೇರೆ ಯಾರದೋ ಬೂದಿ ಕಳಿಸಿರಬಹುದು, ಇವರು ಎಲ್ಲೋ ಇರಬಹುದು ಅಂತ ಒಳಗೊಳಗೇ ಕಾಯುತ್ತಾರೆ. ಕಣ್ಣಿಂದ ನೋಡದ ಸಾವನ್ನು ಮನಸ್ಸು ಒಪ್ಪುವುದು ಬಹಳ ನಿಧಾನ. ನಿಮ್ಮ ಪತ್ರದಲ್ಲಿ ನೂರು ಸಂಕಟ ಇದೆ, ಆ ಕಾಯುವಿಕೆ ಮಾತ್ರ ಇಲ್ಲ. ‘ಅವರು ಆ ಮನೆಯಲ್ಲೇ ಸುತ್ತುತ್ತಿದ್ದಾರೆ’ ಎಂಬುದೂ ಅತ್ತೆಯ ಮಾತು, ನಿಮ್ಮದಲ್ಲ. ಹಟ ಹಿಡಿದು ನೀವು ಪಡೆದದ್ದು ಇದು. ದುಬಾರಿಯಾಯಿತು, ಒಪ್ಪುತ್ತೇನೆ. ಆಗಲೇ ಕೇಳಿದ್ದರೂ ನಾನು ತರಿಸಿ ಅಂತಲೇ ಹೇಳುತ್ತಿದ್ದೆ. ಹೇಳುವಾಗ, ಮುಖ ಹೀಗಿರುತ್ತದೆ, ಘಾಟು ಇರುತ್ತದೆ, ಕೆನ್ನೆ ಗಟ್ಟಿ ಇರುತ್ತದೆ ಎಂದು ಮೊದಲೇ ಎಚ್ಚರಿಸುತ್ತಿದ್ದೆ. ಪೆಟ್ಟಿಗೆ ಬಿಚ್ಚುವ ಮೊದಲು ಮನೆಯವರಿಗೆ ಇಷ್ಟು ಹೇಳುವವರು ವಿಮಾನ ನಿಲ್ದಾಣದ ಕಾರ್ಗೋ ಗೇಟಿನಲ್ಲಿ ಯಾರೂ ಇಲ್ಲ, ಆಂಬ್ಯುಲೆನ್ಸಿನವರು ಪೆಟ್ಟಿಗೆ ಏರಿಸಿ ಸಹಿ ತೆಗೆದುಕೊಂಡು ಹೊರಡುತ್ತಾರೆ.

ಮಗನಿಗೆ ಏನು ಹೇಳಲಿ ಎಂದಿರಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ‘ಅಪ್ಪಯ್ಯ ಸತ್ತುಹೋದರು. ವಿಮಾನದಲ್ಲಿ ಬರುವಾಗ ಮೈ ಹಾಳಾಗಬಾರದು ಅಂತ ಅಲ್ಲಿನವರು ಒಂದು ಔಷಧಿ ಕೊಟ್ಟರು, ಅದಕ್ಕೆ ಮೈ ಗಟ್ಟಿಯಾಯಿತು. ಸತ್ತ ಮೇಲೆ ಕೊಟ್ಟದ್ದು, ಹಾಗಾಗಿ ನೋವಾಗಲಿಲ್ಲ. ಬೆಂಕಿಯ ಬಿಸಿಯೂ ಅವರಿಗೆ ಗೊತ್ತಾಗಲಿಲ್ಲ’ ಅಂತ. ಕೊನೆಯ ಎರಡು ಮಾತು ಮರೆಯಬೇಡಿ. ಈ ವಯಸ್ಸಿನ ಮಕ್ಕಳು ಬಾಯಿಬಿಟ್ಟು ಕೇಳದಿದ್ದರೂ ಕೊಳ್ಳಿ ಇಟ್ಟ ಕೈಯವರು ಅದನ್ನೇ ಯೋಚಿಸುತ್ತಿರುತ್ತಾರೆ. ‘ಮಲಗಿದ್ದಾರೆ’, ‘ದೇವರ ಹತ್ತಿರ ಕೆಲಸಕ್ಕೆ ಹೋಗಿದ್ದಾರೆ’ ಅಂತೆಲ್ಲ ಹೇಳಬೇಡಿ. ಮಲಗಿದವರು ಏಳದೇ ಹೋದದ್ದನ್ನು ಕೇಳಿದ ಹುಡುಗ, ರಾತ್ರಿ ಮಲಗಲು ಹೆದರುತ್ತಾನೆ. ಅದೇ ಪ್ರಶ್ನೆ ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಉತ್ತರ ಕೊಡಿ.

ಈ ಅಂಕಣ ಓದುವ ಬೇರೆಯವರಿಗೂ ಒಂದೆರಡು ಮಾತು ಬೇಕು, ಕರಾವಳಿಯಲ್ಲಿ ಒಬ್ಬರಾದರೂ ಪರದೇಶದಲ್ಲಿರದ ಮನೆ ಅಪರೂಪ. ಊರಲ್ಲೇ ಸಾವಾಗಿ, ಮಗಳೋ ಮಗನೋ ನಾಳೆ ನಾಡಿದ್ದು ಬರುತ್ತಾರೆ ಎಂದಾದರೆ ಎಂಬಾಮಿಂಗ್ ಬೇಕಾಗಿಲ್ಲ, ಫ್ರೀಜರ್ ಪೆಟ್ಟಿಗೆ ಸಾಕು, ಮುಖವೂ ಮುಖದ ಹಾಗೆ ಉಳಿಯುತ್ತದೆ. ವಿಮಾನ ಹತ್ತಿಸುವುದಿದ್ದರೆ ಅಥವಾ ಕಾಯುವುದು ತೀರಾ ಲಂಬಿಸಿದರೆ ಮಾತ್ರ ಎಂಬಾಮಿಂಗ್. ಸಾವಿನಲ್ಲಿ ಅನುಮಾನವಿದ್ದರೆ ಮೊದಲು ಮರಣೋತ್ತರ ಪರೀಕ್ಷೆ ಆಗಲೇಬೇಕು. ಫಾರ್ಮಾಲಿನ್ ಹೋದ ಮೇಲೆ ಕೆಲವು ವಿಷಗಳ ಸುಳಿವು ಸಿಗುವುದಿಲ್ಲ. ಕಣ್ಣುದಾನ ಮಾಡುವವರು ಆರು ಗಂಟೆಯೊಳಗೆ ಮಾಡಿಬಿಡಬೇಕು. ಲಿಂಗಾಯತರಂತೆ ಕೂರಿಸಿ ಸಮಾಧಿ ಮಾಡುವ ಪದ್ಧತಿಯವರು ತಿಳಿದಿರಬೇಕಾದದ್ದು, ಅಂಗಾತ ಮಲಗಿಸಿ ಎಂಬಾಮ್ ಮಾಡಿದ ದೇಹವನ್ನು ಆಮೇಲೆ ಪದ್ಮಾಸನಕ್ಕೆ ಮಡಿಸಲಾಗದು. ಬಲವಂತ ಮಾಡಬೇಡಿ, ನಿಮ್ಮ ಸ್ವಾಮಿಗಳನ್ನು ಮೊದಲೇ ಕೇಳಿಕೊಳ್ಳಿ. ಪೆಟ್ಟಿಗೆಯನ್ನು ಬಯಲಲ್ಲಿ ಬಿಚ್ಚಿ, ಸ್ವಲ್ಪ ಹೊತ್ತು ದೂರ ನಿಂತು ಗಾಳಿಯಾಡಲು ಬಿಡಿ, ಮಕ್ಕಳನ್ನೂ ಬಸುರಿ ಹೆಂಗಸರನ್ನೂ ಆಮೇಲೆ ಹತ್ತಿರ ಬಿಡಿ. ಮೀಯಿಸಲು ಅಡ್ಡಿಯಿಲ್ಲ, ಕೈಗೆ ಗ್ಲೌಸ್ ಇರಲಿ. ದಹನಕ್ಕೂ ತೊಂದರೆಯಿಲ್ಲ, ಒಳಗೆ ತಗಡು ಹೊಡೆದ ಪೆಟ್ಟಿಗೆಯನ್ನು ಮಾತ್ರ ಚಿತೆಗೆ ಹಾಕಬೇಡಿ.

ನಿಮಗೆ ನಿದ್ದೆ ಹೇಗಿದೆ ಎಂದು ನೀವು ಬರೆದಿಲ್ಲ. ರಾತ್ರಿ ಅದೇ ಅಂಗಳ, ಅದೇ ಪೆಟ್ಟಿಗೆ ಮತ್ತೆ ಮತ್ತೆ ಕಾಣುತ್ತಿದ್ದರೆ, ವಾಸನೆ ಎಲ್ಲಿಂದಲೂ ಇಲ್ಲದೆ ಬಂದರೆ, ಊಟ ಸೇರದಿದ್ದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೊನೆಗೆ ಆ ಫೈಲು. ದಯವಿಟ್ಟು ಹೊಳೆಗೆ ಬಿಡಬೇಡಿ. ಅದರಲ್ಲಿ ಮರಣ ಪ್ರಮಾಣಪತ್ರ, ರದ್ದು ಮಾಡಿದ ಪಾಸ್‌ಪೋರ್ಟ್, ದೂತಾವಾಸದ ನಿರಾಕ್ಷೇಪಣಾ ಪತ್ರ, ಏರ್‌ವೇ ಬಿಲ್, ಎಂಬಾಮಿಂಗ್ ಸರ್ಟಿಫಿಕೇಟ್ ಇರುತ್ತವೆ. ಮನಸ್ಸು ಗಟ್ಟಿ ಅನ್ನಿಸಿದ ಒಂದು ದಿನ ಮೈದುನನನ್ನು ಕೂರಿಸಿಕೊಂಡು ಆ ಕೊನೆಯದನ್ನು ಓದಿಸಿ. ಇಂಥವರ ದೇಹವನ್ನು ಇಂಥ ದಿನ ಎಂಬಾಮ್ ಮಾಡಿದೆ ಎಂದು ಸಾಧಾರಣ ಕಚೇರಿ ಭಾಷೆಯಲ್ಲಿ ಬರೆದ ಒಂದು ಹಾಳೆ, ಅಷ್ಟೇ. ಒಂದು ವರ್ಷಕ್ಕಿಂತ ಹೆಚ್ಚು ದುಡಿದವರಿಗೆ ಅಲ್ಲಿನ ಕಾನೂನಿನಂತೆ ಗ್ರಾಚುಯಿಟಿ ಸಲ್ಲಬೇಕು, ಬಾಕಿ ಸಂಬಳ ಇದ್ದರೆ ಅದೂ. ಕಂಪನಿ ಅದನ್ನು ಕೊಟ್ಟಿದೆಯೇ, ವಿಮೆ ಏನಾದರೂ ಇತ್ತೇ ಎಂದು ನಿಮ್ಮ ಪತ್ರದಲ್ಲಿಲ್ಲ. ಕೊಟ್ಟಿಲ್ಲವಾದರೆ ತಾಲೂಕು ಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಈ ಫೈಲಿನ ಪ್ರತಿಗಳ ಜೊತೆ ದೂತಾವಾಸಕ್ಕೆ ಬರೆಯಿರಿ. ಮೂರು ಸೆಟ್ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಅತ್ತೆಗೆ ಕಣ್ಣಿಗೆ ಬೀಳುವುದು ಬೇಡವೆಂದಿದ್ದರೆ ಮೂಲಪ್ರತಿಗಳು ಮೈದುನನ ಬೀರುವಿನಲ್ಲಿರಲಿ.